ಅಕ್ಷರಕ್ಕೆ ದನಿ: ವಯಸ್ಕರ ತರಗತಿಯಲ್ಲಿ ಕಂಪ್ಯೂಟರ್

ವಯಸ್ಕರ ತರಗತಿಯಲ್ಲಿ ಕಂಪ್ಯೂಟರಿಗೆ ಒಂದು ಮುಖ್ಯ ಕೆಲಸವಿದೆ. ಕಣ್ಣಿಗೆ ಕಾಣುವ ಅಕ್ಷರಕ್ಕೆ ಕಿವಿಗೆ ಕೇಳುವ ದನಿಯನ್ನು ಅದು ಜೋಡಿಸಿ ಕೊಡುತ್ತದೆ. ಒಂದು ಸಲ ಕೇಳಿದರೂ ಸರಿ, ಇಪ್ಪತ್ತು ಸಲ ಕೇಳಿದರೂ ಸರಿ. ಅದು ಬೇಸರಪಡುವುದಿಲ್ಲ, ಗದರುವುದಿಲ್ಲ. ಪಾಠ ಹೇಳುವವರ ಕೆಲಸ ಇದಕ್ಕಿಂತ ಬಹಳ ದೊಡ್ಡದು. ಆ ದೊಡ್ಡ ಕೆಲಸದ ಪಕ್ಕದಲ್ಲಿ ಈ ಚಿಕ್ಕ ಕೆಲಸ ಎಲ್ಲಿ ನಿಲ್ಲಬೇಕು, ಹೇಗೆ ನಿಲ್ಲಬೇಕು ಎಂಬುದು ಈ ಭಾಷಣದ ವಿಷಯ. ಅದನ್ನು ತಮಿಳುನಾಡಿನ ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳ ನೆಲದ ಮೇಲಿಟ್ಟು ನೋಡಬಹುದು.

ಕನ್ನಡ ಕೇಳುಗರಿಗೆ ಆ ನೆಲ ದೂರದ್ದಲ್ಲ. ಕಾವೇರಿ ಎರಡು ರಾಜ್ಯಗಳ ಗಡಿಯಲ್ಲಿ ಧುಮುಕುವ ಹೊಗೇನಕಲ್ ಇರುವುದು ಧರ್ಮಪುರಿ ಜಿಲ್ಲೆಯ ಪೆನ್ನಾಗರಂ ಕಡೆ. ಅದೇ ನೀರು ಮುಂದೆ ಹರಿದು ಸೇಲಂ ಜಿಲ್ಲೆಯ ಮೆಟ್ಟೂರಿನಲ್ಲಿ, 1934ರಲ್ಲಿ ಮುಗಿದ ಅಣೆಕಟ್ಟಿನ ಹಿಂದೆ ನಿಲ್ಲುತ್ತದೆ. 1965ರ ವರೆಗೆ ಇವೆರಡೂ ಒಂದೇ ಜಿಲ್ಲೆ. ಆ ವರ್ಷ ಸೇಲಂನಿಂದ ಧರ್ಮಪುರಿ ಬೇರೆಯಾಯಿತು. 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾಯಿತು. ಕನ್ನಡ ಮಾಧ್ಯಮದ ಶಾಲೆಗಳಿರುವ ಹೊಸೂರು, ತಳಿ ಆಗ ಕೃಷ್ಣಗಿರಿಯ ಪಾಲಿಗೆ ಹೋದವು. ಉಳಿದ ಕಡೆಯೂ ಕನ್ನಡ ಇಲ್ಲದಿಲ್ಲ. ಸೇಲಂನಲ್ಲಿ ಮಗ್ಗದ ಮುಂದೆ ಕೂರುವ ದೇವಾಂಗರ ಎಷ್ಟೋ ಮನೆಗಳಲ್ಲಿ ಆಡುವ ಮಾತು ಕನ್ನಡ. 2011ರ ಜನಗಣತಿಯಲ್ಲಿ ಇಡೀ ತಮಿಳುನಾಡಿನಲ್ಲಿ ಸುಮಾರು 13 ಲಕ್ಷ ಜನ ಕನ್ನಡವನ್ನು ತಾಯ್ನುಡಿ ಎಂದು ಹೇಳಿದರು. ಇವರಲ್ಲಿ ಬಹುಮಂದಿಗೆ ಮನೆಯ ಮಾತು ಒಂದು, ಸಂತೆಯ ಮಾತು ಇನ್ನೊಂದು. ಅಕ್ಷರ ಕಲಿಯುವುದಾದರೆ ಅದು ಸಂತೆಯ ಮಾತಿನ ಅಕ್ಷರ.

ಈಗ ಸಾಕ್ಷರತೆಯ ಲೆಕ್ಕ. 2011ರ ಜನಗಣತಿಯ ಪ್ರಕಾರ ತಮಿಳುನಾಡಿನಲ್ಲಿ ನೂರಕ್ಕೆ 80 ಜನ ಅಕ್ಷರಸ್ಥರು. ಸೇಲಂನಲ್ಲಿ ನೂರಕ್ಕೆ 73. ಧರ್ಮಪುರಿಯಲ್ಲಿ 68ರಿಂದ 69. ರಾಜ್ಯದ ಜಿಲ್ಲೆಗಳಲ್ಲೆಲ್ಲ ಅದೇ ಕಡಿಮೆ. ಹೆಂಗಸರ ಲೆಕ್ಕ ತೆಗೆದರೆ ಧರ್ಮಪುರಿಯಲ್ಲಿ ನೂರಕ್ಕೆ 60, ಸೇಲಂನಲ್ಲಿ 65ರ ಹತ್ತಿರ. ಏಳು ವರ್ಷ ದಾಟಿದವರನ್ನೆಲ್ಲ ಸೇರಿಸಿದ ಲೆಕ್ಕ ಇದು. ಶಾಲೆಗೆ ಹೋಗುವ ಮಕ್ಕಳು ಇದರೊಳಗೇ ಇದ್ದಾರೆ. ಅವರನ್ನು ತೆಗೆದು ತಾಯಂದಿರನ್ನೂ ಅಜ್ಜಿಯರನ್ನೂ ಮಾತ್ರ ಎಣಿಸಿದರೆ ಅಂಕಿ ಇನ್ನೂ ಕೆಳಗಿಳಿಯುತ್ತದೆ.

ಈ ಅಂಕಿಯನ್ನು ಮೇಲೆತ್ತಲು ಹಲವು ಪ್ರಯತ್ನಗಳು ನಡೆದಿವೆ. 1978ರ ಗಾಂಧಿ ಜಯಂತಿಯಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಆರಂಭವಾಯಿತು. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಬಂತು. 1990ರ ದಶಕದ ಮೊದಲಲ್ಲಿ ತಮಿಳುನಾಡಿನಲ್ಲಿ ಅದು ಅರಿವೊಳಿ ಇಯಕ್ಕಂ ಎಂಬ ಚಳವಳಿಯಾಯಿತು. ಅರಿವೊಳಿ ಎಂದರೆ ಅರಿವಿನ ಬೆಳಕು. ಪುದುಕ್ಕೋಟ್ಟೈ ಜಿಲ್ಲೆಯಲ್ಲಿ ಈ ಚಳವಳಿ ಅಕ್ಷರದ ಜೊತೆಗೆ ಹೆಂಗಸರಿಗೆ ಸೈಕಲ್ಲನ್ನೂ ಕಲಿಸಿತು. ಆ ಕಥೆ ದೇಶಕ್ಕೆಲ್ಲ ಗೊತ್ತು. 2009ರ ಸೆಪ್ಟೆಂಬರಿನಲ್ಲಿ ಸಾಕ್ಷರ ಭಾರತ ಯೋಜನೆ ಶುರುವಾಯಿತು. ವಯಸ್ಕ ಹೆಂಗಸರಲ್ಲಿ ಅರ್ಧಕ್ಕರ್ಧ ಮಂದಿಗೆ ಅಕ್ಷರ ಬಾರದ ಜಿಲ್ಲೆಗಳನ್ನು ಅದು ಆರಿಸಿಕೊಂಡಿತು. ಸೇಲಂ, ಧರ್ಮಪುರಿ ಎರಡೂ ಆ ಪಟ್ಟಿಯಲ್ಲಿದ್ದವು. ಈಗ ನಡೆಯುತ್ತಿರುವುದು 2022ರಿಂದ 2027ರ ವರೆಗಿನ ಉಲ್ಲಾಸ್ ಕಾರ್ಯಕ್ರಮ. ಹದಿನೈದು ವರ್ಷ ದಾಟಿದ 5 ಕೋಟಿ ಜನರಿಗೆ ಓದು, ಬರಹ, ಲೆಕ್ಕ ಕಲಿಸುವುದು ಅದರ ಗುರಿ. ಕಲಿಸುವವರು ಸ್ವಯಂಸೇವಕರು. ಪಾಠಗಳು ಮೊಬೈಲ್ ಆ್ಯಪಿನಲ್ಲೂ ಸಿಗುತ್ತವೆ. ಹಾಗೆ ನೋಡಿದರೆ ಯಂತ್ರ ಈಗಾಗಲೇ ತರಗತಿಯ ಒಳಗೆ ಬಂದಾಗಿದೆ. ಅದಕ್ಕೆ ಯಾವ ಕೆಲಸ ವಹಿಸಬೇಕು ಎಂಬುದಷ್ಟೇ ಉಳಿದಿರುವ ಪ್ರಶ್ನೆ.

ಊರಿನ ಪರಿಚಯ, ಅಂಕಿಯ ಪರಿಚಯ ಇಷ್ಟು. ಇನ್ನು ಯಂತ್ರದ ಕಡೆಗೆ ತಿರುಗೋಣ.

ವಯಸ್ಕರ ಕಲಿಕೆಗೆ ಯಂತ್ರ ಹೊಸದಲ್ಲ. ಈಗ ಕೇಳುತ್ತಿರುವ ಬಾನುಲಿಯೇ ಅಂಥ ಒಂದು ಹಳೆಯ ಯಂತ್ರ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಪ್ರಸಾರ ಶುರುಮಾಡಿದರು. ಓದು ಬಾರದವನಿಗೂ ಅಂದು ತಿಳಿವಳಿಕೆಯ ಒಂದು ಬಾಗಿಲು ತೆರೆಯಿತು. ಬಳಿಕ ದೂರದರ್ಶನ ಬಂತು. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಪಾಠಗಳು ಬಂದವು. ಕರ್ನಾಟಕದ ಹಳ್ಳಿಗಳೂ ಅದರಲ್ಲಿದ್ದವು. ಸೈಟ್ ಎಂದು ಹೆಸರಾದ ಪ್ರಯೋಗ ಅದು. ಬಾನುಲಿ ಹೇಳುತ್ತದೆ, ದೂರದರ್ಶನ ಹೇಳುತ್ತದೆ ಮತ್ತು ತೋರಿಸುತ್ತದೆ. ಆದರೆ ಎರಡಕ್ಕೂ ಕಿವಿಯಿಲ್ಲ. ಕೇಳುವವರು ಹಿಂದೆ ಬಿದ್ದರೆ ಅವು ನಿಂತು ಕಾಯಲಾರವು. ಕಂಪ್ಯೂಟರ್ ಕಾಯಬಲ್ಲ ಯಂತ್ರ. ಒತ್ತಿದರೆ ಮಾತಾಡುತ್ತದೆ, ಬಿಟ್ಟರೆ ಸುಮ್ಮನಿರುತ್ತದೆ. ಮತ್ತೆ ಒತ್ತಿದರೆ ಅದೇ ಮಾತನ್ನು ಅದೇ ರೀತಿಯಲ್ಲಿ ಹೇಳುತ್ತದೆ. ವಯಸ್ಕರ ತರಗತಿಗೆ ಈ ಒಂದು ಗುಣ ಸಾಕು.

ಏಕೆ ಸಾಕು? ಮಗುವಿಗೂ ವಯಸ್ಕರಿಗೂ ಇರುವ ವ್ಯತ್ಯಾಸವನ್ನು ನೋಡಿದರೆ ಉತ್ತರ ಸಿಗುತ್ತದೆ. ಮಗು ಅಕ್ಷರದ ಜೊತೆಗೆ ಮಾತನ್ನೂ ಲೋಕವನ್ನೂ ಕಲಿಯುತ್ತಿರುತ್ತದೆ. ನಲವತ್ತು ವರ್ಷದ ಹೆಂಗಸಿಗೆ ಮಾತು ಪೂರ್ತಿ ಬಂದಿದೆ. ಗಾದೆ ಬರುತ್ತದೆ, ಸೋಬಾನೆ ಬರುತ್ತದೆ, ಬಡ್ಡಿಯ ಲೆಕ್ಕ ಬಾಯಲ್ಲೇ ಬರುತ್ತದೆ. ಅವಳಿಗೆ ಬೇಕಿರುವುದು ಗೊತ್ತಿರುವ ಮಾತಿಗೂ ಗೊತ್ತಿಲ್ಲದ ಗುರುತಿಗೂ ನಡುವಿನ ಒಂದು ಗಂಟು. ಆ ಗಂಟು ಬೀಳಬೇಕಾದರೆ ಗುರುತನ್ನು ನೋಡುತ್ತಿರುವ ಹೊತ್ತಿಗೇ ಮಾತು ಕಿವಿಗೆ ಬೀಳಬೇಕು. ಒಂದೆರಡು ಸಲವಲ್ಲ, ಹತ್ತಾರು ಸಲ. ಇಪ್ಪತ್ತು ಜನರ ತರಗತಿಯಲ್ಲಿ ಒಬ್ಬೊಬ್ಬರಿಗೂ ಅಷ್ಟು ಸಲ ಹೇಳಲು ಯಾವ ಸ್ವಯಂಸೇವಕರಿಗೂ ಸಾಧ್ಯವಿಲ್ಲ.

ಇನ್ನೊಂದು ಕಾರಣ ನಾಚಿಕೆ. ವಯಸ್ಕರ ಶಿಕ್ಷಣದ ಪುಸ್ತಕಗಳಲ್ಲಿ ಇದಕ್ಕೆ ಸಿಗುವ ಜಾಗ ಚಿಕ್ಕದು. ತರಗತಿಯಲ್ಲಿ ಇದರ ಜಾಗ ಬಹಳ ದೊಡ್ಡದು. ಪಾಠ ಹೇಳುವವಳು ಎಷ್ಟೋ ಕಡೆ ಅದೇ ಊರಿನ ಹುಡುಗಿ. ಕಲಿಯುವವಳ ಕೈಯಲ್ಲಿ ಆಡಿ ಬೆಳೆದವಳು. ಅವಳ ಮುಂದೆ ಅದೇ ಅಕ್ಷರವನ್ನು ಐದನೇ ಸಲ ಕೇಳಲು ಹಿರಿಯರ ನಾಲಿಗೆ ಏಳುವುದಿಲ್ಲ. ಯಂತ್ರವನ್ನು ಕೇಳಲು ಆ ಅಳುಕಿಲ್ಲ. ಮೂರನೆಯದು ಕಣ್ಣು. ನಲವತ್ತು ದಾಟಿದ ಮೇಲೆ ಹತ್ತಿರದ ದೃಷ್ಟಿ ಮಂಜಾಗುತ್ತದೆ. ಮಗ್ಗದಲ್ಲಿ ಎಳೆ ನೋಡಿ ನೋಡಿ ದಣಿದ ಕಣ್ಣಿಗೆ ಪುಸ್ತಕದ ಅಕ್ಷರ ಚಿಕ್ಕದು. ಪರದೆಯ ಮೇಲೆ ಅದನ್ನು ಅಂಗೈಯಗಲ ಮಾಡಬಹುದು. ಕನ್ನಡಕದ ಕೆಲಸವನ್ನು ಅದು ಮಾಡದು. ಕಣ್ಣಿನ ತಪಾಸಣೆ ಬೇರೆಯಾಗಿ ಆಗಲೇಬೇಕು. ಆದರೆ ಕನ್ನಡಕ ಬರುವವರೆಗೆ ಪಾಠ ನಿಲ್ಲಬೇಕಾಗಿಲ್ಲ.

ದನಿ, ತಾಳ್ಮೆ, ದೊಡ್ಡ ಅಕ್ಷರ: ಯಂತ್ರದ ಈ ಮೂರು ಗುಣಗಳನ್ನು ಹೇಳಿದ್ದಾಯಿತು. ಇವು ಸೇಲಂ, ಧರ್ಮಪುರಿಯ ತರಗತಿಯಲ್ಲಿ ನಿಜವಾಗಿ ಎಲ್ಲಿ ಕೆಲಸಕ್ಕೆ ಬರುತ್ತವೆ ಎಂಬುದನ್ನು ಒಂದೇ ಒಂದು ಪದವನ್ನು ಹಿಡಿದು ನೋಡಬಹುದು. ಆ ಪದ ಹೊಗೇನಕಲ್.

ಧರ್ಮಪುರಿಯಿಂದ ಅಲ್ಲಿಗೆ ಹೋಗುವ ಬಸ್ಸಿನ ಬೋರ್ಡಿನಲ್ಲಿ ಊರಿನ ಹೆಸರು ತಮಿಳಿನಲ್ಲಿರುತ್ತದೆ. ತಮಿಳಿನ ಮೂಲ ವರ್ಣಮಾಲೆಯಲ್ಲಿ ಹಕಾರ ಇಲ್ಲ. ಹೆಸರು ಒಕಾರದಿಂದ ಶುರುವಾಗುತ್ತದೆ. ಅದರಲ್ಲಿರುವ ಅಕ್ಷರಗಳನ್ನು ಒಂದೊಂದಾಗಿ ಕನ್ನಡಕ್ಕೆ ಇಳಿಸಿದರೆ ಬರುವುದು ಒಕೇನಕ್ಕಲ್. ಹಾಗೆ ಬರೆದದ್ದನ್ನು ತಮಿಳರು ಓದುವುದು ಒಗೇನಕ್ಕಲ್ ಎಂದು. ಕಕಾರ ಮೂರು ಸಲ ಬಂದಿದೆ. ಮೊದಲನೆಯದು ಗಕಾರದಂತೆ ಮೆದುವಾಗಿ ಕೇಳುತ್ತದೆ. ಉಳಿದೆರಡು ಕೂಡಿ ಗಟ್ಟಿಯಾಗಿ ಕೇಳುತ್ತವೆ. ಕನ್ನಡದಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಬೇರೆ ಬೇರೆ ಅಕ್ಷರಗಳಿವೆ. ತಮಿಳಿನಲ್ಲಿ ನಾಲ್ಕಕ್ಕೂ ಒಂದೇ. ತಮಿಳಿಗೆ 12 ಸ್ವರ, 18 ವ್ಯಂಜನ. ಅಕ್ಷರ ಕಡಿಮೆ, ಕಲಿಯುವ ಭಾರ ಕಡಿಮೆ ಎನ್ನಿಸುತ್ತದೆ. ಆದರೆ ಆ ಒಂದು ಅಕ್ಷರ ಯಾವ ಜಾಗದಲ್ಲಿ ಯಾವ ದನಿ ಕೊಡುತ್ತದೆ ಎಂಬುದನ್ನು ಕಲಿಯುವವರೇ ಗ್ರಹಿಸಬೇಕು. ಪದದ ಮೊದಲಿಗೆ ಬಂದರೆ ಗಟ್ಟಿ. ಎರಡು ಸ್ವರಗಳ ನಡುವೆ ಮೆದು. ಅನುನಾಸಿಕದ ಬೆನ್ನಿಗೆ ಬಂದರೆ ಮೆದು. ಒತ್ತಿ ಬಂದರೆ ಗಟ್ಟಿ. ಸಂಸ್ಕೃತದಿಂದ ಬಂದ ಹೆಸರುಗಳು ಈ ನಿಯಮವನ್ನೂ ಮುರಿಯುತ್ತವೆ. ಧರ್ಮಪುರಿ ಎಂಬ ಹೆಸರೇ ಅದಕ್ಕೆ ಉದಾಹರಣೆ.

ಈ ನಿಯಮವನ್ನು ಕರಿಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸಿದರೆ ವಯಸ್ಕರು ಎದ್ದು ಹೋಗುತ್ತಾರೆ. ಅದರ ಅಗತ್ಯವೂ ಇಲ್ಲ. ಪದ ಅವರಿಗೆ ಗೊತ್ತಿರುವಂಥದ್ದು. ಪರದೆಯ ಮೇಲೆ ಪದ ಕಾಣುತ್ತಿರುವಾಗ ಅದರ ದನಿ ಕೇಳಬೇಕು. ಅಕ್ಷರದಿಂದ ಅಕ್ಷರಕ್ಕೆ ಬಣ್ಣ ಸರಿಯುತ್ತಾ ಹೋಗಬೇಕು. ಬಣ್ಣ ಬಂದ ಅಕ್ಷರದ ದನಿ ಅದೇ ಗಳಿಗೆಯಲ್ಲಿ ಹೊರಡಬೇಕು. ಇಂಥ ಹತ್ತು ಪದಗಳನ್ನು ನೋಡಿ ಕೇಳಿದವರ ಮನಸ್ಸಿನಲ್ಲಿ ನಿಯಮ ತಾನಾಗಿ ಕೂರುತ್ತದೆ. ಮಾತು ಕಲಿತದ್ದೂ ಹೀಗೆಯೇ ತಾನೆ?

ಅದೇ ಪದದಲ್ಲಿ ಇನ್ನೊಂದು ತೊಡಕಿದೆ. ತಮಿಳಿನಲ್ಲಿ ಎಕಾರ, ಏಕಾರದ ಗುರುತುಗಳು ವ್ಯಂಜನದ ಎಡಕ್ಕೆ ಬರುತ್ತವೆ. ಕಣ್ಣು ಮೊದಲು ಸ್ವರದ ಗುರುತನ್ನು ನೋಡುತ್ತದೆ. ಬಾಯಿ ಮೊದಲು ವ್ಯಂಜನವನ್ನು ಹೇಳಬೇಕು. ಒಕಾರದ ಗುರುತು ಇನ್ನೂ ಕಷ್ಟ. ಅದರ ಒಂದು ತುಂಡು ಎಡಕ್ಕೆ, ಇನ್ನೊಂದು ಬಲಕ್ಕೆ; ವ್ಯಂಜನ ನಡುವೆ ಸಿಕ್ಕಿಕೊಂಡಿರುತ್ತದೆ. ಇಲ್ಲಿ ಒಂದು ಸ್ವಾರಸ್ಯವಿದೆ. ಎಡಕ್ಕೆ ಬರುವ ಆ ಗುರುತನ್ನು ತಮಿಳರು ಕರೆಯುವುದು ಕೊಂಬು ಎಂದು. ಕನ್ನಡದಲ್ಲಿ ಕೊಂಬು ಎಂದರೆ ಉಕಾರದ ಗುರುತು. ಹೆಸರು ಒಂದೇ, ಕೆಲಸ ಬೇರೆ. ಅಲ್ಪಸ್ವಲ್ಪ ಕನ್ನಡದ ಕಾಗುಣಿತ ಕೇಳಿ ಬೆಳೆದ ಮನೆಯವರು ತಮಿಳು ತರಗತಿಯಲ್ಲಿ ಇಂಥ ಕಡೆ ಎಡವುತ್ತಾರೆ. ಎಡವಿದ್ದು ದಡ್ಡತನದಿಂದ ಅಲ್ಲ ಎಂಬುದು ಕಲಿಸುವವರಿಗೆ ಗೊತ್ತಿರಬೇಕು.

ಈ ತೊಡಕಿಗೆ ಕಂಪ್ಯೂಟರಿನಲ್ಲಿ ಒಂದು ಸಹಜವಾದ ಉತ್ತರವಿದೆ. ಅದು ಕೀಲಿಮಣೆ. 1999ರಲ್ಲಿ ಚೆನ್ನೈನ ತಮಿಳು ಗಣಕ ಸಮ್ಮೇಳನದಿಂದ ಹೊರಬಂದ ತಮಿಳ್ 99 ವಿನ್ಯಾಸದಲ್ಲಿ ಮೊದಲು ವ್ಯಂಜನ ಒತ್ತಬೇಕು, ಬಳಿಕ ಸ್ವರ. ಒತ್ತಿದೊಡನೆ ಸ್ವರದ ಗುರುತು ತಾನೇ ಹಾರಿ ಎಡಕ್ಕೆ ಹೋಗಿ ಕೂರುತ್ತದೆ. ಕನ್ನಡದಲ್ಲಿ ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವೂ ಉಚ್ಚಾರದ ಕ್ರಮವನ್ನೇ ಹಿಡಿಯುತ್ತದೆ. ಯೂನಿಕೋಡ್ ಸಂಕೇತದಲ್ಲಿ ಅಕ್ಷರಗಳು ಕಂಪ್ಯೂಟರಿನ ಒಳಗೆ ಉಳಿಯುವುದೂ ಉಚ್ಚರಿಸುವ ಕ್ರಮದಲ್ಲೇ. ಕಾಣುವ ಕ್ರಮ ಪರದೆಯ ಮೇಲೆ ಮಾತ್ರ. ಹೀಗಾಗಿ ಕೀಲಿ ಒತ್ತುವವರ ಬೆರಳು ಕಿವಿಯ ಹಿಂದೆ ನಡೆಯುತ್ತದೆ. ಬೆರಳು ಮೊದಲು ಏನನ್ನು ಒತ್ತಿತು, ಗುರುತು ಎಲ್ಲಿ ಬಂತು ಎಂಬುದು ಕಣ್ಣೆದುರೇ ನಡೆದುಹೋಗುತ್ತದೆ. ಕಾಗುಣಿತವನ್ನು ಇದಕ್ಕಿಂತ ಚೆನ್ನಾಗಿ ಬಿಡಿಸಿ ತೋರಿಸುವ ಸಾಧನ ಕಾಗದದ ಮೇಲೆ ಇಲ್ಲ.

ಹೊಗೇನಕಲ್ ಎಂಬ ಪದ ಎರಡು ತೊಡಕುಗಳನ್ನು ತೋರಿಸಿತು: ಒಂದು ಅಕ್ಷರಕ್ಕೆ ಹಲವು ದನಿ, ಮತ್ತು ಕಾಣುವ ಕ್ರಮಕ್ಕೂ ಕೇಳುವ ಕ್ರಮಕ್ಕೂ ಇರುವ ಅಂತರ. ಇನ್ನು, ಇಂಥ ಪಾಠಗಳನ್ನು ನಿಜವಾಗಿ ಯಾರಾದರೂ ಮಾಡಿ ನೋಡಿದ್ದಾರೆಯೇ ಎಂಬ ಪ್ರಶ್ನೆ.

ಮಾಡಿದ್ದಾರೆ. 2000ದಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಸಂಸ್ಥೆ ಇದನ್ನು ಕೈಗೆತ್ತಿಕೊಂಡಿತು. ಸಂಸ್ಥೆಯನ್ನು ಕಟ್ಟಿ ಬೆಳೆಸಿದ ಎಫ್. ಸಿ. ಕೊಹ್ಲಿಯವರ ಒತ್ತಾಸೆ ಅದರ ಹಿಂದಿತ್ತು. ಮೊದಲ ತರಗತಿ ನಡೆದದ್ದು ಆಗಿನ ಆಂಧ್ರಪ್ರದೇಶದ ಮೇಡಕ್ ಜಿಲ್ಲೆಯ ಬೀರಂಗೂಡದಲ್ಲಿ, ತೆಲುಗಿನಲ್ಲಿ. ಸಾಕ್ಷರತಾ ಮಿಷನ್ನಿನ ಪುಸ್ತಕಗಳನ್ನೇ ಆಧಾರವಾಗಿ ಇಟ್ಟುಕೊಂಡರು. ಅದೇ ಪಾಠಗಳಿಗೆ ಚಲಿಸುವ ಚಿತ್ರ ಮತ್ತು ದನಿ ಕೂಡಿಸಿದರು. ಹಳೆಯ ಕಂಪ್ಯೂಟರುಗಳಲ್ಲೂ ಓಡುವಂತೆ ಅದನ್ನು ಹೆಣೆದರು. ಒಂದು ಕಂಪ್ಯೂಟರಿನ ಸುತ್ತ ಹದಿನೈದು ಇಪ್ಪತ್ತು ಜನ, ಜೊತೆಗೆ ಪಾಠ ನಡೆಸುವ ಒಬ್ಬರು. ಬಳಿಕ ತಮಿಳೂ ಸೇರಿ ಹಲವು ಭಾಷೆಗಳಲ್ಲಿ ಆ ಪಾಠಗಳು ಸಿದ್ಧವಾದವು. ಲಕ್ಷಕ್ಕೂ ಹೆಚ್ಚು ಜನ ಅದರಿಂದ ಕಲಿತರು.

ಅಲ್ಲಿಯ ಕಲ್ಪನೆ ಸರಳ. ವರ್ಣಮಾಲೆಯಿಂದ ಆರಂಭವಿಲ್ಲ, ಪದದಿಂದ ಆರಂಭ. ದಿನ ಬಳಕೆಯ ಕೆಲವು ನೂರು ಪದಗಳನ್ನು ಗುರುತಿಸಲು ಬಂದರೆ ಓದು ಹಿಡಿಯುತ್ತದೆ. ಸುಮಾರು 40 ಗಂಟೆಗಳಲ್ಲಿ ಅದು ಸಾಧ್ಯ ಎಂಬುದು ಸಂಸ್ಥೆಯ ಲೆಕ್ಕ. ಮೂರು ಪುಸ್ತಕಗಳ ಮಾಮೂಲು ತರಗತಿಗೆ ಮಿಷನ್ ಇಟ್ಟುಕೊಂಡಿದ್ದ ಕಾಲ 200 ಗಂಟೆ. ಎರಡನ್ನೂ ಪಕ್ಕಪಕ್ಕ ಇಟ್ಟು ಯಂತ್ರ ಐದು ಪಟ್ಟು ವೇಗ ಎಂದು ಹೇಳುವವರಿದ್ದಾರೆ. ಅದು ಸರಿಯಾದ ಹೋಲಿಕೆಯಲ್ಲ. 40 ಗಂಟೆಯಲ್ಲಿ ಬರುವುದು ಮುಖ್ಯವಾಗಿ ಓದು. 200 ಗಂಟೆಯಲ್ಲಿ ಓದು, ಬರಹ, ಲೆಕ್ಕ ಮೂರೂ ಸೇರಿವೆ. ಯಂತ್ರದ ಗೆಲುವನ್ನು ಹೇಳುವಾಗ ಇದನ್ನು ಬಿಟ್ಟು ಹೇಳಬಾರದು.

ನಲವತ್ತು ಗಂಟೆ ಎಂದಾಗ ಇನ್ನೊಂದು ನಲವತ್ತು ಗಂಟೆ ನೆನಪಿಗೆ ಬರುತ್ತದೆ. 1963ರಲ್ಲಿ ಬ್ರೆಜಿಲ್ ದೇಶದ ಅಂಜಿಕೋಸ್ ಎಂಬ ಊರಿನಲ್ಲಿ ಶಿಕ್ಷಣ ಚಿಂತಕ ಪಾವ್ಲೊ ಫ್ರೇರೆ ಸುಮಾರು 300 ಜನ ದುಡಿಯುವವರಿಗೆ ಅಷ್ಟೇ ಹೊತ್ತಿನಲ್ಲಿ ಅಕ್ಷರ ಕಲಿಸಿದರು. ಅವರ ಕೈಯಲ್ಲೂ ಒಂದು ಯಂತ್ರವಿತ್ತು: ಗೋಡೆಯ ಮೇಲೆ ಚಿತ್ರ ಬೀಳಿಸುವ ಸ್ಲೈಡ್ ಪ್ರೊಜೆಕ್ಟರ್. ಇಟ್ಟಿಗೆಯ ಚಿತ್ರ ತೋರಿಸಿ, ಇಟ್ಟಿಗೆಯ ಬಗ್ಗೆ ಮಾತು ತೆಗೆದು, ಆಮೇಲೆ ಆ ಪದವನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಸ್ವರ ಬದಲಿಸಿ ಓದಿಸುತ್ತಿದ್ದರು. ಅದು ಹೆಚ್ಚುಕಡಿಮೆ ನಮ್ಮ ಕಾಗುಣಿತವೇ. ಪ್ರೊಜೆಕ್ಟರ್ ತೋರಿಸುತ್ತಿತ್ತು, ಮಾತು ಜನರದಾಗಿತ್ತು.

ಈ ಇಟ್ಟಿಗೆಯನ್ನು ಧರ್ಮಪುರಿಗೆ ತರಬಹುದು. ಆ ಜಿಲ್ಲೆಯಿಂದ ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಬರುವವರು ಬಹಳ. ಇಟ್ಟಿಗೆಯ ಬಗ್ಗೆ ಅವರಿಗೆ ಹೇಳಲು ಇರುವುದು ಪಾಠ ಹೇಳುವವರಿಗಿಂತ ಹೆಚ್ಚು. ಸಾವಿರಕ್ಕೆ ಎಷ್ಟು ಕೂಲಿ, ಮೇಸ್ತ್ರಿ ಎಷ್ಟು ಹಿಡಿದುಕೊಳ್ಳುತ್ತಾನೆ, ಬೀಡುಬಿಟ್ಟ ಕಡೆ ಮಕ್ಕಳ ಶಾಲೆ ಏನಾಯಿತು: ಮಾತು ಹೀಗೆ ಬೆಳೆಯುತ್ತದೆ. ತಮಿಳಿನಲ್ಲಿ ಇಟ್ಟಿಗೆಗೆ ಸೆಂಗಲ್ ಎನ್ನುತ್ತಾರೆ. ಎಡಕ್ಕೆ ಬರುವ ಕೊಂಬೂ, ಅನುನಾಸಿಕದ ಬೆನ್ನಿಗೆ ಮೆದುವಾಗುವ ಕಕಾರವೂ ಆ ಒಂದೇ ಪದದಲ್ಲಿವೆ. ಮಾತು ಮುಗಿದ ಮೇಲೆ ಪದ ಪರದೆಗೆ ಬರಲಿ. ಮಾತಿಗೆ ಮೊದಲೇ ಬಂದರೆ ಅದು ಬರೀ ಬೊಂಬೆಯಾಟ.

ಸೇಲಂ ಕಡೆಗೆ ಪದಗಳು ಬೇರೆ. ಮಗ್ಗ, ನೂಲು, ಬೆಳ್ಳಿಯ ಕಾಲುಗೆಜ್ಜೆ, ಮರಗೆಣಸು, ಸಾಬಕ್ಕಿ. ಧರ್ಮಪುರಿಯಲ್ಲಿ ರಾಗಿ, ಮಾವು, ಹುಣಸೆ, ರೇಷ್ಮೆಗೂಡು. ಎಲ್ಲರಿಗೂ ಒಂದೇ ಪುಸ್ತಕ ಅಚ್ಚಾದಾಗ ಇಂಥ ಪದಗಳು ಅದರಲ್ಲಿ ಸೇರುವುದಿಲ್ಲ. ಕಂಪ್ಯೂಟರಿನಲ್ಲಿ ಪಾಠ ಹೇಳುವವರೇ ಅವನ್ನು ಸೇರಿಸಬಹುದು. ಮೊಬೈಲಿನಲ್ಲಿ ತೆಗೆದ ಒಂದು ಫೋಟೊ, ಊರವರದೇ ದನಿಯಲ್ಲಿ ಒಂದು ಪದ, ಕೆಳಗೆ ದೊಡ್ಡ ಅಕ್ಷರದಲ್ಲಿ ಅದರ ಹೆಸರು. ಮೂರೂ ಸೇರಿದರೆ ಒಂದು ಪಾಠ. ಪೇಟೆಯ ಸ್ಟುಡಿಯೊದಲ್ಲಿ ಮುದ್ರಿಸಿದ ಶುದ್ಧ ದನಿಗಿಂತ ಊರಿನ ಹೆಂಗಸೊಬ್ಬಳ ದನಿ ಆ ತರಗತಿಗೆ ಹತ್ತಿರ. ಕಲಿಯುವವರೇ ತಮ್ಮ ದನಿ ಕೊಟ್ಟರಂತೂ ಪಾಠ ಕೇಳಿರೆಂದು ಯಾರೂ ಹೇಳಬೇಕಾಗಿಲ್ಲ.

ಇಲ್ಲಿಯವರೆಗೆ ಪದದ ಮಾತು ಬಂತು. ಇನ್ನು ಲೆಕ್ಕ.

ಲೆಕ್ಕದಲ್ಲಿ ವಯಸ್ಕರು ಬಡವರಲ್ಲ. ಸಂತೆಯಲ್ಲಿ ಎರಡೂಕಾಲು ಕಿಲೋ ಟೊಮೇಟೊದ ಬೆಲೆಯನ್ನು ಬಾಯಲ್ಲೇ ಹೇಳುವವರಿಗೆ ಕೂಡುವುದು, ಕಳೆಯುವುದು ಬರುತ್ತದೆ. ಬಾರದಿರುವುದು ಅಂಕಿಯ ಗುರುತು ಮಾತ್ರ. ಈ ಗುರುತು ಈಗ ಎರಡು ರೂಪದಲ್ಲಿ ಎದುರಾಗುತ್ತದೆ. ಪುಸ್ತಕದ ಅಂಕಿ ದುಂಡಗೆ ಬಳುಕುತ್ತದೆ. ಗೂಡಿನ ಮಾರುಕಟ್ಟೆಯಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ ಇರುವ ಎಲೆಕ್ಟ್ರಾನಿಕ್ ತಕ್ಕಡಿಯ ಅಂಕಿಗಳು ಏಳು ಸಣ್ಣ ಕಡ್ಡಿಗಳಿಂದ ಆದವು. ಅಲ್ಲಿ ಬಳುಕಿಲ್ಲ, ಮೂಲೆಗಳಿವೆ. ಪುಸ್ತಕದಲ್ಲಿ 4 ಮತ್ತು 5 ಕಲಿತವರು ತಕ್ಕಡಿಯ ಮುಂದೆ ತಡಬಡಾಯಿಸುವುದಕ್ಕೆ ಇದೇ ಕಾರಣ. ಪರದೆಯ ಮೇಲೆ ಎರಡೂ ರೂಪಗಳನ್ನು ಪಕ್ಕಪಕ್ಕ ಇಟ್ಟು ಒಂದೇ ದನಿಯಲ್ಲಿ ಹೇಳಿಸುವುದು ಹತ್ತು ನಿಮಿಷದ ಕೆಲಸ. ಗ್ರಾಮೀಣ ಉದ್ಯೋಗ ಖಾತರಿ ಕೆಲಸದ ಕೂಲಿ ಬ್ಯಾಂಕಿಗೆ ಬರುತ್ತದೆ. ಪಾಸ್ ಪುಸ್ತಕದಲ್ಲಿ ಜಮಾ ಯಾವುದು, ಖರ್ಚು ಯಾವುದು ಎಂದು ಓದಲು ಬರುವುದು ಆ ಮನೆಯ ಹೆಂಗಸಿಗೆ ಪರೀಕ್ಷೆಯ ಅಂಕಕ್ಕಿಂತ ದೊಡ್ಡ ಗಳಿಕೆ.

ಪದ, ಲೆಕ್ಕ ಎರಡನ್ನೂ ನೋಡಿದ್ದಾಯಿತು. ಮುಂದಿನದು ಹಾಜರಿ.

ವಯಸ್ಕರ ತರಗತಿ ಮುರಿಯುವುದು ಬುದ್ಧಿ ಸಾಲದೆ ಅಲ್ಲ, ಬಿಡುವು ಸಾಲದೆ. ಧರ್ಮಪುರಿಯಲ್ಲಿ ಮಾವಿನ ಕಾಲ ಬಂದರೆ ತರಗತಿ ಖಾಲಿ. ರಾಗಿ ಕೊಯ್ಲಿಗೆ ಖಾಲಿ. ದೀಪಾವಳಿಗೂ ಪೊಂಗಲಿಗೂ ಮುಂಚೆ ಮಗ್ಗದ ಕೆಲಸ ರಾತ್ರಿಯವರೆಗೂ ಎಳೆಯುತ್ತದೆ. ಸೇಲಂನ ನೇಯುವವರು ಬರಲಾರರು. ಹದಿನೈದು ದಿನ ಬಿಟ್ಟು ಬಂದವರಿಗೆ ಪಾಠ ಮುಂದೆ ಹೋಗಿರುತ್ತದೆ. ಹಿಂದಿನದನ್ನು ಕೇಳಲು ಅಳುಕು. ಮಾರನೆಯ ದಿನದಿಂದ ಮನೆಯಲ್ಲೇ ಉಳಿಯುತ್ತಾರೆ. ಕಂಪ್ಯೂಟರಿನಲ್ಲಿ ಪಾಠ ಎಲ್ಲಿ ಬಿಟ್ಟಿತ್ತೋ ಅಲ್ಲೇ ಕಾದಿರುತ್ತದೆ. ತರಗತಿಗಿಂತ ಅರ್ಧ ಗಂಟೆ ಮೊದಲು ಬಂದು ಹಳೆಯದನ್ನು ಹಿಡಿಯಬಹುದು. ಈ ಒಂದು ಉಪಯೋಗಕ್ಕಾಗಿಯೇ ಪ್ರತಿ ಕೇಂದ್ರದಲ್ಲೂ ಒಂದು ಯಂತ್ರ ಇರಬೇಕು ಎಂದು ಧೈರ್ಯವಾಗಿ ಹೇಳಬಹುದು.

ಯಂತ್ರಕ್ಕೆ ದುಡ್ಡು ಎಲ್ಲಿಂದ ಎಂಬ ಪ್ರಶ್ನೆ ಸಹಜ. ಇಲ್ಲಿ ತಮಿಳುನಾಡಿಗೆ ಒಂದು ಅನುಕೂಲ ಒದಗಿದೆ. 2011ರಿಂದ ಅಲ್ಲಿಯ ಸರ್ಕಾರ ಹನ್ನೆರಡನೆಯ ತರಗತಿಯ ಮಕ್ಕಳಿಗೆ, ಕಾಲೇಜಿನ ಮಕ್ಕಳಿಗೆ ಉಚಿತವಾಗಿ ಲ್ಯಾಪ್‌ಟಾಪ್ ಹಂಚಿತು. ಹೆಬ್ಬೆಟ್ಟು ಒತ್ತುವ ತಾಯಿಯ ಮನೆಯಲ್ಲೇ ಮಗಳ ಲ್ಯಾಪ್‌ಟಾಪ್ ಇರುವುದುಂಟು. ಸರ್ಕಾರಿ ಪ್ರೌಢಶಾಲೆಗಳಲ್ಲಿ ಹೈಟೆಕ್ ಲ್ಯಾಬುಗಳಿವೆ. ಸಂಜೆಯ ಹೊತ್ತು ಅವು ಬೀಗ ಹಾಕಿಕೊಂಡಿರುತ್ತವೆ. ಹೊಸದು ಕೊಳ್ಳುವ ಮೊದಲು ಇರುವುದರ ಬೀಗ ತೆಗೆಯುವುದು ಲೇಸು. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ. ಕರೆಂಟು ಹೋದರೂ ಪಾಠ ಒಂದೆರಡು ಗಂಟೆ ನಡೆಯುತ್ತದೆ. ಪಾಠವನ್ನು ಯಂತ್ರದೊಳಗೇ ಇಟ್ಟುಕೊಂಡರೆ ಇಂಟರ್ನೆಟ್ಟೂ ಬೇಡ.

ಕೇಳುಗರೇ, ಯಂತ್ರದ ಒಳಿತನ್ನೆಲ್ಲ ಹೇಳಿದ ಮೇಲೆ ಅದರ ಮಿತಿಯನ್ನೂ ಹೇಳಬೇಕು.

ಮೊದಲ ಮಿತಿ ಬರಹ. ಪರದೆಯ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುವ ಆಟಗಳಿವೆ. ಬೆರಳು ನುಣುಪಿನ ಮೇಲೆ ಜಾರುತ್ತದೆ. ಪೆನ್ಸಿಲ್ಲಿನ ಹಿಡಿತ ಅದರಿಂದ ಬಾರದು. ಗುದ್ದಲಿ ಹಿಡಿದ ಕೈಗೆ ಪೆನ್ಸಿಲ್ ಹಿಡಿಯುವುದೇ ಒಂದು ಕಷ್ಟದ ಕೆಲಸ. ಬಳಪ ಹಿಡಿದು ಸ್ಲೇಟಿನ ಮೇಲೆ ತಿದ್ದಿ ತಿದ್ದಿಯೇ ಅದು ಒಲಿಯಬೇಕು. ಉಲ್ಲಾಸ್ ಕಾರ್ಯಕ್ರಮದ ಕೊನೆಯ ಪರೀಕ್ಷೆ 150 ಅಂಕಗಳದು. ಓದಿಗೆ 50, ಬರಹಕ್ಕೆ 50, ಲೆಕ್ಕಕ್ಕೆ 50. ಉತ್ತರ ಬರೆಯುವುದು ಕಾಗದದ ಮೇಲೆ. ಹಾಗಾಗಿ ತರಗತಿಯ ಹೊತ್ತಿನಲ್ಲಿ ಪರದೆಗೆ ಮೂರರಲ್ಲಿ ಒಂದು ಪಾಲು ಸಾಕು. ಉಳಿದದ್ದು ಮಾತಿಗೆ ಮತ್ತು ಸ್ಲೇಟಿಗೆ.

ಎರಡನೆಯದು ದಾರಿ ತಪ್ಪುವ ಸಂಭವ. ಕಂಪ್ಯೂಟರಿನಿಂದ ಅಕ್ಷರ ಕಲಿಸುವುದು ಬೇರೆ, ಕಂಪ್ಯೂಟರನ್ನೇ ಕಲಿಸುವುದು ಬೇರೆ. 2017ರಲ್ಲಿ ಶುರುವಾಗಿ 2024ರಲ್ಲಿ ಮುಗಿದ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ ಎರಡನೆಯ ಜಾತಿಯದಾಗಿತ್ತು. ಅಂಥದ್ದೂ ಬೇಕು. ಆದರೆ ಓದು ಬಾರದವರನ್ನು ಮೌಸ್ ಹಿಡಿಯಲು ಕೂರಿಸಿದರೆ ಎರಡೂ ಕೈತಪ್ಪುತ್ತವೆ. ಅಕ್ಷರದ ತರಗತಿಯಲ್ಲಿ ಯಂತ್ರ ಎಷ್ಟು ಸುಲಭವಾಗಿದ್ದರೆ ಅಷ್ಟು ಒಳ್ಳೆಯದು; ಒಂದು ಗುಂಡಿ ಒತ್ತಿದರೆ ದನಿ ಬರಬೇಕು.

ಮೂರನೆಯದು ಹೊಸ ಕಾಲದ ತೊಂದರೆ. ಮೊಬೈಲಿನಲ್ಲಿ ಈಗ ಮಾತಾಡಿ ಸಂದೇಶ ಕಳಿಸಬಹುದು. ಹುಡುಕಬೇಕಾದ್ದನ್ನು ಬಾಯಲ್ಲೇ ಹೇಳಬಹುದು. ಓದು ಬಾರದಿದ್ದರೂ ದಿನ ಸಾಗುತ್ತದೆ. ಅಕ್ಷರಕ್ಕೆ ದನಿ ಕೊಡಬೇಕಾದ ಯಂತ್ರವೇ ಅಕ್ಷರವನ್ನು ಬದಿಗೆ ಸರಿಸುತ್ತದೆ. ಇದಕ್ಕೆ ಮದ್ದು ತರಗತಿಯಲ್ಲೇ ಇದೆ. ಪಾಠ ಹೇಳುವವರು ಮಾರನೆಯ ದಿನದ ಸಮಯವನ್ನು ದಿನವೂ ಒಂದು ಸಾಲು ಬರಹದ ಸಂದೇಶವಾಗಿ ಕಳಿಸಲಿ. ಓದಿದವರಿಗೆ ಮಾತ್ರ ಸಮಯ ತಿಳಿಯುತ್ತದೆ. ಬೆಂಗಳೂರಿನಲ್ಲಿ ದುಡಿಯುವ ಮಗ ವಾರಕ್ಕೊಂದು ಸಂದೇಶವನ್ನು ಬರಹದಲ್ಲೇ ಕಳಿಸಲಿ. ಓದುವ ಅಗತ್ಯ ಹುಟ್ಟಿದ ಕಡೆ ಓದು ಉಳಿಯುತ್ತದೆ.

ಮಿತಿಗಳು ಇವು: ಬರಹ ಅದರಿಂದ ಬಾರದು, ಗುರಿ ತಪ್ಪಬಾರದು, ದನಿಯೇ ಅಕ್ಷರವನ್ನು ನುಂಗಬಾರದು. ಉಳಿದದ್ದು ತರಗತಿ ಮುಗಿದ ಮೇಲಿನ ಮಾತು.

ಕಲಿತ ಅಕ್ಷರ ಬಳಸದಿದ್ದರೆ ಮರೆತುಹೋಗುತ್ತದೆ. ಹಿಂದೆ ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿ ಹೊಸದಾಗಿ ಓದು ಕಲಿತವರಿಗೆಂದೇ ‘ಬೆಳಕು’ ಎಂಬ ಪತ್ರಿಕೆ ಹೊರಡಿಸುತ್ತಿತ್ತು. ಅಕ್ಷರ ಬಂದವರಿಗೆ ಓದಲು ಏನಾದರೂ ಕೈಗೆ ಸಿಗಬೇಕು ಎಂಬ ವಿವೇಕ ಅದು. ಇಂದು ಅದೇ ಕೆಲಸವನ್ನು ಚಿತ್ರಗೀತೆ ಮಾಡಬಲ್ಲದು. ಅಹಮದಾಬಾದಿನ ಐಐಎಂನಲ್ಲಿದ್ದ ಬ್ರಿಜ್ ಕೊಠಾರಿ 1996ರಲ್ಲಿ ಒಂದು ಸರಳ ವಿಚಾರ ಮುಂದಿಟ್ಟರು. ಟಿವಿಯಲ್ಲಿ ಹಾಡು ಬರುವಾಗ ಅದೇ ಭಾಷೆಯಲ್ಲಿ ಸಾಹಿತ್ಯವನ್ನು ಕೆಳಗೆ ತೋರಿಸುವುದು; ಹಾಡಿದ ಪದಕ್ಕೆ ಆ ಹೊತ್ತಿಗೇ ಬಣ್ಣ ಬದಲಾಗುವುದು. ಹಾಡು ಬಾಯಿಗೆ ಬರುತ್ತಿರುವುದರಿಂದ ಕಣ್ಣು ಅಕ್ಷರದ ಹಿಂದೆ ತಾನಾಗಿ ಓಡುತ್ತದೆ. ತಮಿಳಿನ ಹಳೆಯ ಹಾಡುಗಳನ್ನು ಈ ರೀತಿಯಲ್ಲಿ ಮೊಬೈಲಿಗೆ ಹಾಕಿಕೊಟ್ಟರೆ ನೇಯುವವರು ಮಗ್ಗದ ಬಿಡುವಿನಲ್ಲಿ ನೋಡಬಹುದು.

ಕೊನೆಯದಾಗಿ ಮನೆಮಾತು. ತಮಿಳಿನಲ್ಲಿ ಓದು ಕಲಿತ ಕನ್ನಡದ ಮನೆಯವರಿಗೆ ಕನ್ನಡದ ಅಕ್ಷರ ಬಹಳ ದೂರವಿಲ್ಲ. ಎರಡು ಲಿಪಿಗಳೂ ಬ್ರಾಹ್ಮಿಯಿಂದ ಬಂದವು. ಅ, ಆ, ಇ, ಈ ಎಂಬ ಕ್ರಮ ಎರಡರಲ್ಲೂ ಒಂದೇ. ಕಕಾರ, ಚಕಾರ, ಟಕಾರ, ತಕಾರ, ಪಕಾರದ ಸಾಲೂ ಒಂದೇ. ಹೊಸದಾಗಿ ಕಲಿಯಬೇಕಾದ್ದು ಅಕ್ಷರದ ಆಕಾರ, ಹೆಚ್ಚಿನ ವ್ಯಂಜನಗಳು, ಮತ್ತು ಅಕ್ಷರದ ಕೆಳಗೆ ಕೂತರೂ ಬಳಿಕ ಉಚ್ಚರಿಸುವ ಒತ್ತಕ್ಷರ. ಪರದೆಯ ಎಡಕ್ಕೆ ತಮಿಳು, ಬಲಕ್ಕೆ ಕನ್ನಡ, ಎರಡಕ್ಕೂ ತಮ್ಮ ತಮ್ಮ ದನಿ. ಬಸ್ಸಿನ ಬೋರ್ಡಿನಲ್ಲಿ ಒಕೇನಕ್ಕಲ್ ಎಂದಿದ್ದದ್ದು ಬಲಗಡೆ ಹೊಗೇನಕಲ್ ಎಂದಾಗುತ್ತದೆ. ಹಕಾರಕ್ಕೆ ಅದರದೇ ಅಕ್ಷರ, ಗಕಾರಕ್ಕೆ ಅದರದೇ ಅಕ್ಷರ. ನೀರಿನ ತುಂತುರು ಹೊಗೆಯಂತೆ ಏಳುವ ಕಲ್ಲು ಎಂದು ಆ ಹೆಸರಿನ ಅರ್ಥ. ಮನೆಯಲ್ಲಿ ದಿನವೂ ಹೊಗೆ ಎನ್ನುವ, ಕಲ್ಲು ಎನ್ನುವ ಹೆಂಗಸು ಆ ಎರಡು ಪದಗಳನ್ನು ಊರಿನ ಹೆಸರಿನೊಳಗೆ ಕಣ್ಣಾರೆ ಓದುತ್ತಾಳೆ.